ಗಿಟಾರಿನ ಪಿಕಪ್‌ಗೆ ಮುಚ್ಚಳ ಬೇಕೆ?

ನಮ್ಮ ಕರಾವಳಿಯಲ್ಲಿ ಮೈಕಿನ ಪರಿಚಯವಿಲ್ಲದ ಊರಿಲ್ಲ. ಬಯಲಾಟವಿರಲಿ, ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಮೈಕ್ ಸೆಟ್ಟಿನವರು ಸ್ವಿಚ್ ಹಾಕಿದೊಡನೆ ಮೊದಲು ಕೇಳುವುದು ಮಾತೂ ಅಲ್ಲ, ಹಾಡೂ ಅಲ್ಲ. ‘ಗುಂಯ್’ ಎಂಬ ಒಂದೇ ಸಮನಾದ ಸದ್ದು. ಈ ಸದ್ದು ಎಲ್ಲಿಂದ ಬರುತ್ತದೆ, ಅದನ್ನು ತಡೆಯಲು ಒಂದು ಪುಟ್ಟ ಲೋಹದ ಮುಚ್ಚಳ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಬೈಂದೂರು ತಾಲ್ಲೂಕಿನ ಶಿರೂರಿನ ಕೆಲವು ಯುವಕರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಅವರಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. ಅದರ ಪಿಕಪ್‌ಗಳ ಮೇಲೆ ಹೊಳೆಯುವ ಲೋಹದ ಮುಚ್ಚಳಗಳಿವೆ. ‘ಮುಚ್ಚಳ ತೆಗೆದುಬಿಡಿ, ದನಿ ಬಿಚ್ಚಿಕೊಳ್ಳುತ್ತದೆ’ ಎಂದು ಒಬ್ಬರು ಹೇಳಿದರಂತೆ. ‘ತೆಗೆದರೆ ಗುಂಯ್ ಹೆಚ್ಚಾಗುತ್ತದೆ’ ಎಂದು ಇನ್ನೊಬ್ಬರು. ಯಾವುದು ಸರಿ? ವಿಜ್ಞಾನ ಓದಿ ದೂರದರ್ಶನಕ್ಕೆ ಬಂದ ನನ್ನಂಥವನಿಗೆ ಇದು ಇಷ್ಟವಾದ ಪ್ರಶ್ನೆ. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ.

ಮೊದಲು ಪಿಕಪ್ ಎಂದರೇನು ನೋಡೋಣ. ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿ, ಅಷ್ಟೆ. ಆ ತಂತಿ ತಲೆಗೂದಲಿನಷ್ಟು ತೆಳು. ಉಕ್ಕಿನ ತಂತಿಯನ್ನು ಮೀಟಿದಾಗ ಅದು ಅಯಸ್ಕಾಂತದ ಎದುರು ಕಂಪಿಸುತ್ತದೆ, ಕಾಂತಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ಸರಿಯಾಗಿ ನೂರು ವರ್ಷಗಳ ಮೇಲೆ, 1931ರಲ್ಲಿ, ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಎಂಬಾತ ಈ ತತ್ತ್ವವನ್ನು ಗಿಟಾರಿಗೆ ಅಳವಡಿಸಿದ. ಮ್ಯಾಂಡೊಲಿನ್ ಶ್ರೀನಿವಾಸ್ ಅವರ ಕಛೇರಿ ಕೇಳಿದ ನಿಮಗೆ ವಿದ್ಯುತ್ ವಾದ್ಯದ ದನಿ ಹೊಸದೇನಲ್ಲ.

ತೊಂದರೆ ಏನೆಂದರೆ, ಸುರುಳಿಗೆ ತನ್ನವರು ಪರರು ಎಂಬ ಭೇದವಿಲ್ಲ. ತಂತಿಯ ಕಂಪನವನ್ನು ಹಿಡಿದಂತೆಯೇ ಸುತ್ತಲಿನ ವಿದ್ಯುತ್ ತಂತಿಗಳ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಹರಿಯುತ್ತದೆ. 50ರ ಆವೃತ್ತಿಯೆಂದರೆ ಪಾಶ್ಚಾತ್ಯ ಸ್ವರಶ್ರೇಣಿಯ ಕೆಳಗಿನ ಒಂದು ‘ಜಿ’ ಸ್ವರಕ್ಕೆ (49) ತೀರ ಹತ್ತಿರ. ಅಂದರೆ ನಮ್ಮ ಮನೆ, ಮಂಟಪ, ಬೀದಿದೀಪಗಳೆಲ್ಲ ಸೇರಿ ಸದಾ ಒಂದು ಶ್ರುತಿ ಹಿಡಿದು ಕೂತಿವೆ ಎನ್ನಬಹುದು. ಶಿರೂರಿನ ಮೂಲಕ ಹೋಗುವ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣಗೊಂಡಿತು. ಅಲ್ಲಿಯ 25,000 ವೋಲ್ಟಿನ ತಂತಿಗೂ ಅದೇ 50ರ ಶ್ರುತಿ.

ಇದಕ್ಕೆ ಪರಿಹಾರ ಹುಡುಕಿದವರು ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್. 1955ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು. 1959ರಲ್ಲಿ ಅದು ಸಿಕ್ಕಿತು. ಅವರ ಉಪಾಯ ಸರಳ: ಒಂದರ ಬದಲು ಎರಡು ಸುರುಳಿ. ಎರಡೂ ಪರಸ್ಪರ ವಿರುದ್ಧವಾಗಿ ಕೂಡಿಕೊಂಡಿರುತ್ತವೆ. ಅವುಗಳ ಅಯಸ್ಕಾಂತದ ಧ್ರುವಗಳೂ ವಿರುದ್ಧ. ಹೊರಗಿನಿಂದ ಬಂದ ಗುಂಯ್‌ಕಾರ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ನಾದ ಮಾತ್ರ ಎರಡು ಸಲ ತಿರುಗುಮುರುಗಾಗಿ, ಕೊನೆಗೆ ಕೂಡಿಕೊಂಡು ಬರುತ್ತದೆ. ಇದಕ್ಕೆ ಹಂಬಕರ್ ಎಂದು ಹೆಸರಾಯಿತು.

ಹಾಗಾದರೆ ಮುಚ್ಚಳ ಏಕೆ? ಇಲ್ಲಿ ನಾವು ಎರಡು ಸದ್ದುಗಳನ್ನು ಬೇರೆ ಮಾಡಿ ನೋಡಬೇಕು. ಕಾಂತಕ್ಷೇತ್ರದಿಂದ ಬರುವುದು ‘ಗುಂಯ್’. ವಿದ್ಯುತ್ ಕ್ಷೇತ್ರದಿಂದ ಬರುವುದು ‘ಝರ್ರ್’. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ವೇದಿಕೆಯ ಡಿಮ್ಮರುಗಳ ಕೊಡುಗೆ ಇದು. ಎರಡು ಸುರುಳಿಯ ಉಪಾಯ ಮೊದಲನೆಯದಕ್ಕೆ. ಮುಚ್ಚಳ ಎರಡನೆಯದಕ್ಕೆ. ಅರ್ಧ ಮಿಲಿಮೀಟರಿನಷ್ಟು ತಗಡು 50ರ ಕಾಂತಕ್ಷೇತ್ರವನ್ನು ತಡೆಯಲಾರದು. ಅದನ್ನು ಗಣನೀಯವಾಗಿ ತಗ್ಗಿಸಲು ತಾಮ್ರವೇ ಆದರೂ ಸುಮಾರು 9 ಮಿಲಿಮೀಟರ್ ದಪ್ಪ ಬೇಕು. ಆದರೆ ವಿದ್ಯುತ್ ಕ್ಷೇತ್ರವನ್ನು ತಡೆಯಲು ತೆಳು ತಗಡು ಧಾರಾಳ ಸಾಕು, ಒಂದು ಷರತ್ತಿನ ಮೇಲೆ: ಅದಕ್ಕೆ ಭೂಸಂಪರ್ಕ, ಅಂದರೆ ಅರ್ಥಿಂಗ್, ಇರಬೇಕು. ಅದಕ್ಕೇ ಮುಚ್ಚಳವನ್ನು ಪಿಕಪ್‌ನ ತಳದ ತಗಡಿಗೆ ಸಾಲ್ಡರ್ ಮಾಡಿರುತ್ತಾರೆ. ಪ್ಲಾಸ್ಟಿಕ್ ಮುಚ್ಚಳ ಧೂಳು ತಡೆದೀತೇ ಹೊರತು ಸದ್ದು ತಡೆಯದು.

ಈ ರಕ್ಷಣೆ ಪುಕ್ಕಟೆಯಲ್ಲ. ತಂತಿಯ ಕಂಪನ ಮುಚ್ಚಳದ ಲೋಹದಲ್ಲೂ ಸಣ್ಣ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ಎತ್ತರದ ಸ್ವರಗಳ ಚುರುಕನ್ನು ಸ್ವಲ್ಪ ನುಂಗುತ್ತದೆ. ಆದ್ದರಿಂದ ಲೋಹದ ಆಯ್ಕೆ ಮುಖ್ಯ. ಹಿತ್ತಾಳೆಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಸುಳಿಯೂ ಹೆಚ್ಚು, ದನಿ ಮಂಕು. ಲವರ್ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಪ್ರಯತ್ನಿಸಿದರು; ಅದಕ್ಕೆ ಸಾಲ್ಡರ್ ಹಿಡಿಯುವುದು ಕಷ್ಟ. ಕೊನೆಗೆ ಆರಿಸಿದ್ದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹ, ನಮ್ಮ ಪಾತ್ರೆ ಅಂಗಡಿಯವರು ಜರ್ಮನ್ ಸಿಲ್ವರ್ ಎನ್ನುವ ಲೋಹ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಒಳಗೆ ಬೆಳ್ಳಿ ಇಲ್ಲ. ಅದರಲ್ಲಿ ವಿದ್ಯುತ್ತು ಅಷ್ಟು ಸಲೀಸಾಗಿ ಹರಿಯದು. ಸುಳಿ ಕಡಿಮೆ, ದನಿಗೆ ಆಗುವ ನಷ್ಟವೂ ಕಡಿಮೆ.

1960ರ ದಶಕದಲ್ಲಿ ವಾದಕರು ಮುಚ್ಚಳ ಕೀಳತೊಡಗಿದರು. ಕಾರಣ ಬರೀ ಚುರುಕಿನ ಆಸೆಯಲ್ಲ. ಆಂಪ್ಲಿಫೈಯರಿನ ದನಿ ವಿಪರೀತ ಏರಿಸಿದಾಗ ಸಡಿಲವಾದ ಮುಚ್ಚಳ ತಾನೇ ಕಂಪಿಸಿ ‘ಕೀಂ’ ಎಂದು ಕಿರುಚುತ್ತದೆ. ಒಳಗೆ ಮೇಣ ತುಂಬಿದರೆ ಈ ಕಿರುಚಾಟ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ: ಮುಚ್ಚಳ ತೆಗೆದವರು ಪಿಕಪ್ಪನ್ನು ತಂತಿಗೆ ಇನ್ನೂ ಹತ್ತಿರ ಏರಿಸುತ್ತಾರೆ. ಹತ್ತಿರವಾದಷ್ಟೂ ದನಿ ದೊಡ್ಡದು. ದೊಡ್ಡ ದನಿ ನಮ್ಮ ಕಿವಿಗೆ ಒಳ್ಳೆಯ ದನಿಯಾಗಿ ಕೇಳುತ್ತದೆ! ಮುಚ್ಚಳಕ್ಕೆ ಸಲ್ಲುವ ಕೀರ್ತಿ, ಅಪಕೀರ್ತಿಗಳಲ್ಲಿ ಒಂದು ಪಾಲು ಈ ಅಂತರಕ್ಕೆ ಸೇರಬೇಕು. ಆದ್ದರಿಂದ ಹೋಲಿಸುವುದಾದರೆ ಅಂತರವನ್ನು ಅಳತೆಪಟ್ಟಿಯಿಂದ ಅಳೆದು, ಮೊದಲು ಮತ್ತು ನಂತರ ರೆಕಾರ್ಡ್ ಮಾಡಿ, ದನಿಯ ಮಟ್ಟ ಒಂದೇ ಮಾಡಿ ಕೇಳಿ.

ಅದಕ್ಕೂ ಮುಂಚೆ ಮಾಡಬೇಕಾದ ಪರೀಕ್ಷೆ ಒಂದಿದೆ, ಖರ್ಚಿಲ್ಲದ್ದು. ಗಿಟಾರ್ ಹಿಡಿದು, ತಂತಿ ಮುಟ್ಟದೆ, ಸದ್ದು ಆಲಿಸಿ. ಅಂಗೈಯಿಂದ ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಅದು ವಿದ್ಯುತ್ ಕ್ಷೇತ್ರದ ‘ಝರ್ರ್’. ಅಲ್ಲಿ ಮುಚ್ಚಳ ಇರುವುದೇ ಲೇಸು. ಮುಟ್ಟಿದರೂ ತಗ್ಗದೆ, ನೀವು ನಿಂತಲ್ಲೇ ತಿರುಗಿದಾಗ ಏರಿಳಿದರೆ ಅದು ಕಾಂತಕ್ಷೇತ್ರದ ‘ಗುಂಯ್’. ಅದಕ್ಕೆ ಮುಚ್ಚಳ ಮದ್ದಲ್ಲ. ಟ್ರಾನ್ಸ್‌ಫಾರ್ಮರು, ಆಂಪ್ಲಿಫೈಯರುಗಳಿಂದ ದೂರ ನಿಲ್ಲಿ. ನಮ್ಮ ಸ್ಟುಡಿಯೋಗಳಲ್ಲಿ ದೀಪದ ಕೇಬಲ್ಲನ್ನೂ ಮೈಕಿನ ಕೇಬಲ್ಲನ್ನೂ ಜೊತೆಯಾಗಿ ಎಳೆಯುವುದಿಲ್ಲ. ಅಡ್ಡ ಹಾಯಲೇಬೇಕಾದರೆ ಲಂಬವಾಗಿ ಹಾಯಿಸುತ್ತೇವೆ. ಇದನ್ನು ಮಂಟಪದಲ್ಲೂ ಮಾಡಬಹುದು.

ಕರಾವಳಿಯವರಿಗೆ ಇನ್ನೊಂದು ಮಾತು. ಶಿರೂರಿನಂಥ ಕಡಲ ಮಗ್ಗುಲಿನ ಊರಿನಲ್ಲಿ ಗಾಳಿಯಲ್ಲೇ ಉಪ್ಪಿದೆ, ಬೆರಳಿನ ಬೆವರಿನಲ್ಲೂ ಉಪ್ಪಿದೆ. ಮುಚ್ಚಳವಿಲ್ಲದ ಪಿಕಪ್‌ನ ಉಕ್ಕಿನ ಸ್ಕ್ರೂಗಳು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಕೂದಲೆಳೆಯಂಥ ತಾಮ್ರದ ತಂತಿ ಒಂದು ಕಡೆ ಕಿಲುಬಿ ಕಡಿದರೂ ಪಿಕಪ್ ಮೂಕ. ಮುಚ್ಚಳ ಕೀಳುವಾಗ ಸಾಲ್ಡರಿಂಗ್ ಕಬ್ಬಿಣದ ಶಾಖಕ್ಕೂ, ಸ್ಕ್ರೂಡ್ರೈವರ್ ಜಾರುವುದಕ್ಕೂ ಅದೇ ತಂತಿ ಬಲಿಯಾಗಬಹುದು.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ಮುಚ್ಚಳವನ್ನು ಭೂಮಿಗೆ ಸೇರಿಸುವ ತಂತಿಯೇ ಸಾಮಾನ್ಯವಾಗಿ ಗಿಟಾರಿನ ತಂತಿಗಳನ್ನೂ ಸೇರಿಸುತ್ತದೆ. ಅಂದರೆ ನಿಮ್ಮ ಬೆರಳು ಆಂಪ್ಲಿಫೈಯರಿನ ಅರ್ಥಿಂಗ್‌ನ ಮೇಲಿದೆ. ‘ಎಂತ ಮಾರಾಯ್ರೆ, ಈ ಗುಂಯ್ ನಿಲ್ಲುವುದೇ ಇಲ್ಲ’ ಎಂದು ಬೇಸತ್ತು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕಿತ್ತುಹಾಕುವವರಿದ್ದಾರೆ. ಕೆಲವೊಮ್ಮೆ ಸದ್ದು ನಿಲ್ಲುತ್ತದೆ, ನಿಜ. ಆದರೆ ಆಂಪ್ಲಿಫೈಯರಿನೊಳಗೆ ಒಂದು ತಂತಿ ಕಳಚಿ ಪೆಟ್ಟಿಗೆಗೆ ತಗುಲಿದರೆ ಗಿಟಾರಿನ ತಂತಿಗಳಲ್ಲಿ 230 ವೋಲ್ಟ್ ಬರುತ್ತದೆ. ವಾದಕನ ತುಟಿ ಮೈಕಿಗೆ ತಾಗಿದಾಗ ದಾರಿ ಪೂರ್ಣವಾಗುತ್ತದೆ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ಲಿ ಹಾರ್ವೆ, ಗಿಟಾರ್ ಹಿಡಿದು ಭೂಸಂಪರ್ಕ ಸರಿಯಿಲ್ಲದ ಮೈಕ್ ಮುಟ್ಟಿ, ವೇದಿಕೆಯ ಮೇಲೇ ಪ್ರಾಣ ಬಿಟ್ಟರು. ನೆಲ ಒದ್ದೆಯಿರುವ ನಮ್ಮ ಮಳೆಗಾಲದ ಮಂಟಪಗಳಲ್ಲಿ ಈ ಎಚ್ಚರ ಇಮ್ಮಡಿ ಇರಬೇಕು. ಸಂಪರ್ಕದ ಆರಂಭದಲ್ಲೇ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಎರಡು ಉಪಕರಣಗಳ ನಡುವಿನ ಗುಂಯ್‌ಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆ ಬಳಸಿ. ಪಿನ್ ಮಾತ್ರ ಮುಟ್ಟಬೇಡಿ.

ಹಾಗಾದರೆ ಶಿರೂರಿನ ಗೆಳೆಯರಿಗೆ ಉತ್ತರವೇನು? ಒಳ್ಳೆಯ ಲೋಹದ ಮುಚ್ಚಳವಿದ್ದು, ಅದು ಕಿರುಚದಿದ್ದರೆ ಇರಲಿ ಬಿಡಿ. ದನಿ ಮಂಕೆನಿಸಿದರೆ ಮೊದಲು ಪಿಕಪ್‌ನ ಎತ್ತರ ಹೊಂದಿಸಿ, ಹೊಸ ತಂತಿ ಹಾಕಿ. ಆಮೇಲೂ ತೃಪ್ತಿಯಾಗದಿದ್ದರೆ, ಕೈ ಪಳಗಿದವರಿಂದ ತೆಗೆಸಿ, ಮುಚ್ಚಳವನ್ನು ಜೋಪಾನವಾಗಿಡಿ. ಆದರೆ ಆ ಸಂಜೆ ನುಡಿಸುವ ಮಂಟಪದ ಅರ್ಥಿಂಗ್ ಪರೀಕ್ಷಿಸಿದ ಮೇಲೆಯೇ ಗಿಟಾರ್ ಹೆಗಲಿಗೇರಿಸಿ.