ಬರೆದದ್ದು ಬೇರೆ, ಓದಿದ್ದು ಬೇರೆ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪತ್ರಿಕೆಯು ಅಹಮದಾಬಾದು, ವಡೋದರಾ, ಸೂರತ್ ಈ ಮೂರೂ ಊರುಗಳ ಸದಸ್ಯರಿಗೆ ಈಮೇಲಿನಲ್ಲಿ ಹೋಗುತ್ತದೆ. ಕಳಿಸುವ ಸರ್ವರಿನ ಉಸ್ತುವಾರಿ ನಮ್ಮದು. ಅದರಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಅದನ್ನು ಅರಿಕೆ ಮಾಡಿಕೊಳ್ಳುವುದಕ್ಕೇ ಇಂದು ನಿಂತಿದ್ದೇವೆ.

ಸೂರತ್ತಿನ ಹಿರಿಯ ಸದಸ್ಯರೊಬ್ಬರು ಅಂಗಡಿ ಬಿಟ್ಟು ವಡೋದರಾದ ಮಗನ ಮನೆಗೆ ಬಂದರು. ಅಂಗಡಿಯ ಈಮೇಲು ಬೇಡ, ಮಗನ ವಿಳಾಸಕ್ಕೆ ಕಳಿಸಿರೆಂದರು. ನಾವು ಅಂದೇ ಪಟ್ಟಿಯನ್ನು ತಿದ್ದಿದೆವು. ಆದರೂ ಮೂರು ಸಂಚಿಕೆಗಳು ಹಳೆಯ ವಿಳಾಸಕ್ಕೇ ಹೋದವು. ಅವುಗಳಲ್ಲೊಂದರಲ್ಲಿ ಅವರ ಗೆಳೆಯರ ಶ್ರದ್ಧಾಂಜಲಿ ಸಭೆಯ ಸೂಚನೆಯಿತ್ತು. “ನನ್ನ ಹೆಸರು ಹೊಡೆದುಹಾಕಿದಿರೇನಪ್ಪಾ?” ಎಂದು ಅವರು ಕೇಳಿದಾಗ ನಾವು ತಲೆ ತಗ್ಗಿಸಿದೆವು.

ಪಟ್ಟಿ ತೆರೆದರೆ ಹೊಸ ವಿಳಾಸವೇ ಇದೆ! ಮತ್ತೊಮ್ಮೆ ಬರೆದೆವು, ಸರ್ವರನ್ನು ಎರಡು ಸಲ ನಿಲ್ಲಿಸಿ ನಡೆಸಿದೆವು. ಫಲವಿಲ್ಲ.

ನಮ್ಮದು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ. ಐ.ಬಿ.ಎಂ. ಸಂಸ್ಥೆಯಲ್ಲಿದ್ದಾಗ ವೀಟ್ಸ ವೆನೆಮಾ ರಚಿಸಿದ ಇದು 1998ರಲ್ಲಿ ಸಾರ್ವಜನಿಕರ ಕೈಗೆ ಬಂತು. ನಾವು ಬರೆಯುವ ವಿಳಾಸಪಟ್ಟಿಯನ್ನು ಇದು ನೇರವಾಗಿ ಓದುವುದಿಲ್ಲ. ಅದರಿಂದ ತಯಾರಾದ ಸೂಚಿಯನ್ನು ಓದುತ್ತದೆ. ಗಿರಣಿಯಲ್ಲಿ ಕಚ್ಚಾ ಚೀಟಿ ತಿದ್ದಿದ ಮಾತ್ರಕ್ಕೆ ಸಂಬಳದ ವಹಿ ತಾನಾಗಿ ತಿದ್ದಿಕೊಳ್ಳುವುದೇ? ‘ಪೋಸ್ಟ್‌ಮ್ಯಾಪ್’ ಆಜ್ಞೆ ಕೊಟ್ಟು ಸೂಚಿಯನ್ನು ಹೊಸದಾಗಿ ಮಾಡಬೇಕಿತ್ತು. ಪಟ್ಟಿಗಿಂತ ಸೂಚಿ ಹಳೆಯದೆಂದು ಸರ್ವರಿನ ದಿನಚರಿ ಎಚ್ಚರಿಸುತ್ತಲೇ ಇತ್ತು. ನಾವು ಓದಿರಲಿಲ್ಲ.

ಆದುದರಿಂದ ಮುಂದೆ ಈ ಕೆಲಸ ಹಿಡಿಯುವ ತರುಣರಿಗೆ ನಾಲ್ಕು ಮಾತು. ‘ಪೋಸ್ಟ್‌ಕಾನ್ಫ್ -ಎನ್’ ಎಂದು ಕೇಳಿದರೆ, ಮುಖ್ಯ ಕಡತವಾದ ಮೇನ್.ಸಿಎಫ್‌ನಲ್ಲಿ ಸರ್ವರು ಏನನ್ನು ಓದಿಕೊಂಡಿದೆಯೆಂದು ತಿಳಿಯುತ್ತದೆ. ಒಂದೇ ಹೆಸರು ಎರಡು ಕಡೆ ಇದ್ದರೆ ಕೊನೆಯದೇ ಊರ್ಜಿತ. ಸಾಲಿನ ಮೊದಲು ಜಾಗ ಬಿಟ್ಟರೆ ಅದು ಹಿಂದಿನ ಸಾಲಿನ ಬಾಲವಾಗುತ್ತದೆ. ಮಾಸ್ಟರ್.ಸಿಎಫ್ ಎಂಬ ಇನ್ನೊಂದು ಕಡತದಲ್ಲಿ ‘-ಓ’ ಎಂದು ಬರೆದದ್ದು ಮುಖ್ಯ ಕಡತದ ಮಾತನ್ನು ಮೀರುತ್ತದೆ.

ತಿದ್ದಿದ ಮೇಲೆ ‘ರೀಲೋಡ್’ ಮಾಡಿ. ಯಾವ ಜಾಲ ವಿಳಾಸದಲ್ಲಿ ಅಂಚೆ ಸ್ವೀಕರಿಸಬೇಕೆಂಬುದನ್ನು ಬದಲಿಸಿದರೆ ಅಷ್ಟು ಸಾಲದು. ಪೂರ್ತಿ ನಿಲ್ಲಿಸಿ ನಡೆಸಬೇಕು. ಡಿ.ಎನ್.ಎಸ್. ದಾಖಲೆ ಬದಲಿಸಿದಿರಾದರೆ ತಾಳ್ಮೆಯೂ ಬೇಕು: ಅದರ ಅವಧಿ 86400 ಸೆಕೆಂಡು ಎಂದಿದ್ದರೆ, ಹೊರಗಿನ ಸರ್ವರುಗಳು ಒಂದು ದಿನದವರೆಗೆ ಹಳೆಯದನ್ನೇ ನಂಬಿರಬಹುದು.

ಕೊನೆಗೆ, ಪರೀಕ್ಷೆ ಮಾಡದೆ ಏಳಬೇಡಿ. ‘ಪೋಸ್ಟ್‌ಮ್ಯಾಪ್ -ಕ್ಯೂ’ ಎಂದು ಒಂದು ಹೆಸರು ಕೇಳಿದ್ದರೆ, ಹಳೆಯ ವಿಳಾಸವೇ ಉತ್ತರವಾಗಿ ಬಂದು ನಮ್ಮ ತಪ್ಪು ಮೊದಲ ದಿನವೇ ಬಯಲಾಗುತ್ತಿತ್ತು. ಬರೆದದ್ದನ್ನೇ ಮತ್ತೆ ಬರೆಯುವುದರಿಂದ ಪ್ರಯೋಜನವಿಲ್ಲ. ಸರ್ವರು ಓದಿದ್ದೇನು ಎಂದು ಕೇಳಬೇಕು.

ಆ ಹಿರಿಯರು ಇಂದು ವಡೋದರಾದಿಂದ ಬಂದು ಇಲ್ಲಿ ಕುಳಿತಿದ್ದಾರೆ. ಈ ಸಭೆಯ ಸೂಚನೆ ಅವರಿಗೆ ತಲುಪಿತು. ಆದರೆ ತಪ್ಪಿಹೋದ ಆ ಸಭೆಯನ್ನು ನಾವು ತಂದುಕೊಡಲಾರೆವು. ಅವರ ಕ್ಷಮೆ ಕೇಳಿ ನಮ್ಮ ಮಾತು ಮುಗಿಸುತ್ತೇವೆ.