ಬಾನುಲಿಯ ಜೋಳಿಗೆ

ಮೈಸೂರಿಗೆ ಬಾನುಲಿ ಎಲ್ಲಿಂದಲೋ ಬಂದ ವಸ್ತುವಲ್ಲ. ಈ ಊರಿನ ಮನೆಯೊಂದರಲ್ಲೇ ಹುಟ್ಟಿದ ಕೂಸು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರ್ 10ರಂದು ತಮ್ಮ ಸ್ವಂತ ಮನೆ ‘ವಿಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ 30 ವಾಟ್. ನಡುಮನೆಯ 40 ವಾಟಿನ ಬುರುಡೆ ದೀಪಕ್ಕಿಂತಲೂ ಕಡಿಮೆ! ಹಿಂದೆ ಸರ್ಕಾರದ ಬೊಕ್ಕಸವಿರಲಿಲ್ಲ. ಪ್ರಾಧ್ಯಾಪಕರು ಕೈಯಿಂದ ಹಣ ಹಾಕಿದರು. ಮುಂದೆ 250 ವಾಟಿನ ಯಂತ್ರ ಬೇಕಾದಾಗ ಊರವರ ವಂತಿಗೆಯೂ ಪುರಸಭೆಯ ನೆರವೂ ಒದಗಿದವು. 1942ರಲ್ಲಿ ಮೈಸೂರು ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು.

ಎಂದರೆ, ನಮ್ಮ ಊರಿನ ಬಾನುಲಿ ಪರರಿಗಾಗಿ ಜೋಳಿಗೆ ಹಿಡಿಯುವುದಕ್ಕೆ ಮೊದಲು ತನಗಾಗಿ ಹಿಡಿದದ್ದು. ಇಂದು ಸಮುದಾಯ ಬಾನುಲಿಗಳು ಸಹಾಯಾರ್ಥ ಸಮಾರಂಭಗಳಿಗೆ ದನಿಗೂಡಿಸುವುದನ್ನು ಕೇಳುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಸಮುದಾಯ ಬಾನುಲಿ ಎಂದರೇನು? ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪು ಕೊಟ್ಟಿತು. 2006ರ ನಿಯಮಗಳಿಂದ ಸೇವಾಸಂಸ್ಥೆಗಳಿಗೂ ಪುಟ್ಟ ಕೇಂದ್ರಗಳನ್ನು ನಡೆಸುವ ಅನುಮತಿ ದೊರೆಯಿತು. ನಮ್ಮ ಜಿಲ್ಲೆಯ ಸರಗೂರಿನಲ್ಲಿ 2012ರಲ್ಲಿ ಆರಂಭವಾದ ‘ಜನಧ್ವನಿ’ ಈ ಬಗೆಯದು. ಇಂಥ ಕೇಂದ್ರದ ದನಿ ಸುಮಾರು ಹತ್ತು ಕಿಲೋಮೀಟರಿನಾಚೆ ಕ್ಷೀಣಿಸುತ್ತದೆ. ಈ ಹತ್ತು ಕಿಲೋಮೀಟರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನನ್ನ ಮಾತೆಲ್ಲ ಅದರ ಸುತ್ತಲೇ ಇದೆ.

ಸಹಾಯಾರ್ಥ ಪ್ರದರ್ಶನ ನಮಗೆ ಹೊಸದಲ್ಲ. ಶಾಲೆಯ ಕಟ್ಟಡಕ್ಕೋ ಬಡ ವಿದ್ಯಾರ್ಥಿಗಳ ನಿಧಿಗೋ ನಾಟಕವಾಡಿಸಿ ಟಿಕೀಟು ಮಾರುವುದು ಹಿರಿಯರ ಕಾಲದ ಪದ್ಧತಿ. ನಾಟಕದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ: ಭರ್ತಿಯಾದ ಕುರ್ಚಿಗಳು, ಬಾಗಿಲಲ್ಲಿ ಟಿಕೀಟು ಹರಿಯುವವರು, ಮುಂದಿನ ಸಾಲಿನಲ್ಲಿ ಸಮಿತಿಯವರು. ಬಾನುಲಿಯಲ್ಲಿ ಕಾಣುವುದು ಏನೂ ಇಲ್ಲ. ಒಂದು ದನಿ ಬೇಡುತ್ತದೆ. ಆ ದನಿಯ ಮೇಲಿನ ನಂಬಿಕೆಯಿಂದ ಕೇಳುಗ ಕೊಡುತ್ತಾನೆ.

ಆ ನಂಬಿಕೆ ಎಷ್ಟು ದೊಡ್ಡದೆಂಬುದಕ್ಕೆ ಹೊರನಾಡಿನ ನಿದರ್ಶನಗಳಿವೆ. 1927ರ ಕ್ರಿಸ್ಮಸ್ ದಿನ ಬಿ.ಬಿ.ಸಿ. ಮಕ್ಕಳಿಗಾಗಿ ಐದು ನಿಮಿಷ ಮನವಿ ಮಾಡಿತು. 1,143 ಪೌಂಡಿಗೂ ಮೀರಿ ಹಣ ಬಂದಿತು. 2004ರಲ್ಲಿ ಹಾಲೆಂಡಿನ ಬಾನುಲಿಯೊಂದರ ನಿರೂಪಕರು ಯುಟ್ರೆಕ್ಟ್ ನಗರದ ಚೌಕದಲ್ಲಿ ಗಾಜಿನ ಮನೆಯೊಂದರೊಳಗೆ ಬೀಗ ಹಾಕಿಸಿಕೊಂಡು, ಊಟ ಬಿಟ್ಟು, ದುಡ್ಡು ಕೊಟ್ಟವರು ಬಯಸಿದ ಹಾಡನ್ನು ಹಗಲಿರುಳೂ ನುಡಿಸಿದರು, ದಾರ್ಫುರಿನ ಸಂತ್ರಸ್ತರಿಗಾಗಿ. (ಉಪವಾಸ ನಮಗೆ ತಿಳಿಯದ ವಿದ್ಯೆಯೇನಲ್ಲ, ಗಾಜಿನ ಮನೆಯಷ್ಟೇ ಹೊಸತು.) ಆದರೆ ಒಂದನ್ನು ಗಮನಿಸಿ. ಅಲ್ಲಿ ಕೊಡುವವನು ಯಾರೋ, ಪಡೆಯುವವನು ಯಾರೋ. ಇಬ್ಬರೂ ಎಂದೂ ಎದುರುಬದುರಾಗುವವರಲ್ಲ.

ಹತ್ತು ಕಿಲೋಮೀಟರಿನ ಬಾನುಲಿಯಲ್ಲಿ ಹಾಗಲ್ಲ. ಬೇಡುವವನು, ಕೊಡುವವನು, ಪಡೆಯುವವನು ಮೂವರೂ ಒಂದೇ ಸಂತೆಯಲ್ಲಿ ಸೊಪ್ಪು ಕೊಳ್ಳುವವರು. ಇದರಿಂದ ಒಂದು ಲಾಭವಿದೆ. ದನಿ ಯಾರದೆಂದು ಜನಕ್ಕೆ ಗೊತ್ತು. ‘ಹೋದ ತಿಂಗಳು ಕೂಡಿಸಿದ ಹಣ ಏನಾಯಿತಪ್ಪಾ?’ ಎಂದು ನಿರೂಪಕನನ್ನು ಬೀದಿಯಲ್ಲೇ ತಡೆದು ಕೇಳಬಹುದು. ಫೋನಿನಲ್ಲಿ ದಿನಕ್ಕೊಂದರಂತೆ ಬರುವ ಗುರುತುಪರಿಚಯವಿಲ್ಲದ ಮನವಿಗಳಿಗೆ ಈ ಭಯವಿಲ್ಲ.

ಆದರೆ ಅದೇ ಹತ್ತಿರವೇ ಕುತ್ತಾಗುವುದೂ ಉಂಟು. ಒಬ್ಬ ಹುಡುಗನ ಚಿಕಿತ್ಸೆಗೆ ಹಣ ಬೇಕು. ಅವನ ಹೆಸರು, ತಂದೆಯ ಹೆಸರು, ಬೀದಿ, ಕಾಯಿಲೆ, ಸಾಲ ಎಲ್ಲವನ್ನೂ ಕರಗಿದ ಕೊರಳಿನಲ್ಲಿ ಓದಿದರೆ ಜೋಳಿಗೆ ಬೇಗ ತುಂಬುತ್ತದೆ, ನಿಜ. ಹುಡುಗ ಗುಣವಾಗಿ ಶಾಲೆಗೆ ಮರಳುತ್ತಾನೆ. ಆಗ? ತರಗತಿಯಲ್ಲಿ ನಲವತ್ತು ಮಕ್ಕಳು. ಎಲ್ಲರ ಮನೆಯಲ್ಲೂ ಆ ಪ್ರಸಾರವನ್ನು ಕೇಳಿದ್ದಾರೆ. ಹೊಸ ಚಪ್ಪಲಿ ಹಾಕಿಕೊಂಡು ಬಂದರೆ, ‘ಇದೂ ನಾವು ಕೊಟ್ಟ ದುಡ್ಡೇನೋ?’ ಎನ್ನುವ ಬಾಯಿ ಒಂದಿದ್ದರೆ ಸಾಕು. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವನು ನಾನು. ಶುಲ್ಕ ಮಾಫಿಯ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ ಎಷ್ಟು ತಲೆಗಳು ಬಾಗುತ್ತವೆಂದು ಬಲ್ಲೆ. ಆದ್ದರಿಂದ ಹೆಸರು ಹೇಳದೆ ಬೇಡಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಣ ಸ್ವಲ್ಪ ತಡವಾಗಿ ಬರಬಹುದು, ಕಡಿಮೆಯೂ ಆಗಬಹುದು. ಆ ನಷ್ಟವನ್ನು ಕೇಂದ್ರ ಸಹಿಸಬೇಕು. ಹುಡುಗನ ತಲೆಯ ಮೇಲೆ ಹೊರಿಸಬಾರದು. ಅವನ ಕಷ್ಟ ನಿಜವೆಂಬುದಕ್ಕೆ ವೈದ್ಯರ ಮಾತನ್ನು ಪರಿಶೀಲಿಸಿ, ‘ನಾವು ನೋಡಿದ್ದೇವೆ’ ಎಂದು ಕೇಂದ್ರವೇ ಹೊಣೆ ಹೊರಲಿ. ಅದಕ್ಕೇ ಅಲ್ಲವೆ ಅದಕ್ಕೆ ನಂಬಿಕೆಯ ದನಿ ಇರುವುದು?

ಕೊಟ್ಟವರ ಹೆಸರನ್ನು ಓದಬೇಕೆ? ಓದಲಿ, ಅವರು ಒಪ್ಪಿದರೆ. ತಮ್ಮ ಹೆಸರು ಬಾನುಲಿಯಲ್ಲಿ ಬರುವ ಸಂತೋಷಕ್ಕೆ ನೂರು ಕೊಡುವಲ್ಲಿ ಇನ್ನೂರು ಕೊಡುವವರಿದ್ದಾರೆ. ಅವರ ದುಡ್ಡಿಗೂ ಔಷಧಿ ಸಿಗುತ್ತದೆ. ಆದರೆ ಐದು ಸಾವಿರ ಕೊಟ್ಟವರನ್ನು ಓದಿ, ಹತ್ತು ರೂಪಾಯಿಯ ಹೂವಾಡಗಿತ್ತಿಯನ್ನು ‘ಇತರರು’ ಎಂಬ ಮಾತಿನಲ್ಲಿ ಮುಗಿಸುವುದು ಮಾತ್ರ ಬೇಡ.

ಇನ್ನು ಲೆಕ್ಕದ ವಿಚಾರ. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಗೊತ್ತು: ಕೊಟ್ಟವರಾರು, ಯಾವ ಕೆಲಸಕ್ಕೆ, ಎಷ್ಟು ಭೂಮಿ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿಗಳಾರು ಎಂದೆಲ್ಲ ಕಲ್ಲಿನಲ್ಲಿ ಕೆತ್ತಿಸಿ, ದಾನವನ್ನು ಅಪಹರಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ಶಪಿಸಿ, ಜನ ಓಡಾಡುವ ದೇಗುಲದ ಮುಂದೆ ನಿಲ್ಲಿಸುತ್ತಿದ್ದರು. ಶಾಪಕ್ಕಿಂತಲೂ ಹೆಚ್ಚಿನ ಕಾವಲು, ಆ ಕಲ್ಲು ಎಲ್ಲರ ಕಣ್ಣೆದುರಿಗಿದ್ದದ್ದು. ಬಾನುಲಿಯ ಮಾತಿಗೆ ಕಲ್ಲಿಲ್ಲ. ಆಡಿದ ಮರುಕ್ಷಣ ಗಾಳಿಯಲ್ಲಿ ಹೋಯಿತು. ಬೇಡಿದ ದನಿ ಎಲ್ಲರಿಗೂ ಕೇಳಿಸಿ, ಲೆಕ್ಕ ಮಾತ್ರ ಯಾವುದೋ ಕಡತದಲ್ಲಿ ಮಲಗಿದರೆ, ಎರಡನೆಯ ಸಲ ಜೋಳಿಗೆ ಹಿಡಿದಾಗ ಕೇಳುಗ ಗುಂಡಿ ತಿರುಗಿಸಿ ಬೇರೆ ಕೇಂದ್ರಕ್ಕೆ ಹೋಗುತ್ತಾನೆ. ಅವನನ್ನು ತಪ್ಪೆನ್ನಲಾದೀತೆ?

ನಾಳೆ ನಿಮ್ಮ ಊರಿನ ಬಾನುಲಿ ಸಂಗೀತ ಸಂಜೆಯೊಂದಕ್ಕೆ ಟಿಕೀಟು ಕೊಳ್ಳಿರೆಂದು ಕರೆದರೆ, ಕೊಳ್ಳಿ. ಕೊಂಡು, ಒಂದು ಅಂಚೆ ಕಾರ್ಡು ಬರೆಯಿರಿ. ಫೋನು ಮಾಡಿದರೂ ಆದೀತು. ಎಷ್ಟು ಬಂದಿತು, ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ಹೋದದ್ದೆಷ್ಟು, ಸೇರಬೇಕಾದಲ್ಲಿಗೆ ಸೇರಿದ್ದೆಷ್ಟು, ಉಳಿದದ್ದು ಯಾರ ಬಳಿ ಇದೆ, ಇಷ್ಟನ್ನು ಮುಂದಿನ ತಿಂಗಳು, ಬೇಡಿದ ಹೊತ್ತಿನಲ್ಲೇ, ಬೇಡಿದವರ ದನಿಯಲ್ಲೇ ಓದಿ ಎಂದು ಕೇಳಿ. ಐದು ನಿಮಿಷ ಸಾಕು. ಎರಡು ಹಾಡುಗಳ ನಡುವೆ ಅಷ್ಟು ಜಾಗ ಸಿಕ್ಕೀತು.