ಪಾರ್ಕಿನ ಬೀಗ, ಕ್ವಾರಿಯ ನೀರು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)



ಸಭೆ ಅಂದ್ರೆ ನಾವು ಉಳಿತಾಯ, ಸಾಲ, ಬಡ್ಡಿ ಇಷ್ಟನ್ನೇ ಮಾತಾಡ್ತೀವಿ. ಇವತ್ತು ನಮ್ಮ ಮಕ್ಕಳು ಆಡುವ ಜಾಗದ ಬಗ್ಗೆ ಎರಡು ಮಾತು ಹೇಳಬೇಕು ಅಂತ ನಿಂತಿದ್ದೇನೆ.

ನಾನು ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ದುಡಿದವಳು. ಕೆಲವು ವರ್ಷದ ಹಿಂದೆ, ಬೇಸಿಗೆ ರಜೆ. ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ನಮ್ಮ ಓಣಿಯ ಮೂರು ಹುಡುಗರು ಪಾರ್ಕಿಗೆ ಆಡಲು ಹೋದರು. ಗಂಟೆ ಹತ್ತಾಗಿತ್ತು, ಗೇಟಿಗೆ ಬೀಗ. ಅಲ್ಲಿಂದ ನಡೆದು ಹಳೇ ಕಲ್ಲು ಕ್ವಾರಿಗೆ ಹೋದರು. ಒಬ್ಬ ಕಾಲು ಜಾರಿ ನೀರಿಗೆ ಬಿದ್ದ, ಮೇಲೆ ಬರಲಿಲ್ಲ. ನನ್ನ ಮಗ ಒದ್ದೆ ಅಂಗಿಯಲ್ಲಿ ಮನೆಗೆ ಓಡಿ ಬಂದ. ಅವನ ಬಾಯಲ್ಲಿ ಮಾತೇ ಹೊರಡಲಿಲ್ಲ. ಹೋದ ಹುಡುಗನ ತಾಯಿ ನಮ್ಮ ಸಂಘದವಳೇ. ಆಮೇಲೆ ಒಂದು ದಿನ ಅವಳು ಹೇಳಿದ್ದು ಇಷ್ಟೇ: "ಅಕ್ಕಾ, ಗೇಟು ತೆಗೆದಿದ್ರೆ ಅಲ್ಲೇ ಆಡ್ಕೊಂಡು ಇರ್ತಿದ್ದ."

ಅಲ್ಲಿಯವರೆಗೆ ಪಾರ್ಕು ಅಂದ್ರೆ ವಾಕಿಂಗ್ ಹೋಗುವವರ ಜಾಗ, ನಮಗೇನು ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಒಂದೇ ಕೋಣೆಯ ಮನೆಯಲ್ಲಿರುವ ನಮ್ಮ ಮಕ್ಕಳಿಗೇ ಅದು ಹೆಚ್ಚು ಬೇಕು. 2024ರ ಜೂನ್‌ನಲ್ಲಿ ಆಗಿನ ಬಿಬಿಎಂಪಿ, ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಎಂದು ಆದೇಶ ಮಾಡಿತು. ಆದೇಶ ಬಂದರೆ ಸಾಲದು. ನಿಮ್ಮ ಪಾರ್ಕಿನ ಗೇಟು ಮಧ್ಯಾಹ್ನ ತೆಗೆದಿದೆಯೋ ಇಲ್ಲವೋ ನೀವೇ ಹೋಗಿ ನೋಡಿ.

ಜನ ಕೈಜೋಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸಾಕ್ಷಿ. ಹದಿನೈದು-ಇಪ್ಪತ್ತು ವರ್ಷದ ಹಿಂದೆ ಅದು ಕೊಳಚೆ, ಕಸ ತುಂಬಿ ಹಾಳಾಗಿತ್ತು. ಸುತ್ತಲಿನ ಊರಿನವರು, ಅಪಾರ್ಟ್‌ಮೆಂಟಿನವರು ಪಾಲಿಕೆಯ ಇಂಜಿನಿಯರುಗಳ ಜೊತೆ ಕೂತು ಯೋಜನೆ ಮಾಡಿದರು. ಕೆಲಸ ಮುಗಿದ ಮೇಲೂ ಕೈಬಿಡಲಿಲ್ಲ. ಸಮಿತಿ ಮಾಡಿಕೊಂಡು ನೋಡಿಕೊಂಡರು. ಇವತ್ತು ಅಲ್ಲಿ ನೀರಿದೆ, ಹಕ್ಕಿಗಳಿವೆ, ನಡೆಯುವ ದಾರಿ ಇದೆ. ಸರ್ಕಾರ ಕಟ್ಟಿತು, ಜನ ಕಾದರು. ಎರಡೂ ಬೇಕು.

ನಮ್ಮ ಹತ್ತಿರ ಹಣವಿಲ್ಲ, ನಿಜ. ಆದರೆ ನಮಗೆ ಕಣ್ಣಿದೆ, ಒಗ್ಗಟ್ಟಿದೆ. ತಿಂಗಳಿಗೊಮ್ಮೆ ಇಬ್ಬಿಬ್ಬರು ಸದಸ್ಯೆಯರು ಪಾರ್ಕು ಸುತ್ತಿ ಬರಲಿ. ಉಯ್ಯಾಲೆಯ ಸರಪಳಿ ಸವೆದಿದೆಯಾ? ದೀಪದ ಕಂಬದಲ್ಲಿ ವೈರು ಹೊರಗೆ ಬಂದಿದೆಯಾ? ಗೇಟು ಗಟ್ಟಿಯಾಗಿದೆಯಾ? 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಆಟದ ಮೈದಾನದಲ್ಲಿ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಒಬ್ಬ ಬಾಲಕ ತೀರಿಕೊಂಡ. ಗೇಟು ಅಲ್ಲಾಡುವುದು ಮೊದಲೇ ಯಾರ ಕಣ್ಣಿಗಾದರೂ ಬಿದ್ದರೆ ಹೇಳುವವರು ಬೇಕು. ಕಂಡದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಎಲ್ಲರೂ ಸಹಿ ಹಾಕಿ ಪಾಲಿಕೆ ಕಚೇರಿಗೆ ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಬೇಲಿಯಿಲ್ಲದ ಕ್ವಾರಿ, ಗುಂಡಿಗಳಿಗೂ ಹೀಗೇ ಅರ್ಜಿ ಕೊಡಿ.

ಇನ್ನು ಮನೆಯಲ್ಲಿ ಮಕ್ಕಳಿಗೆ ಕಲಿಸಬೇಕಾದ ಮಾತು.

ಮೊದಲನೆಯದು ನೀರು. ಕ್ವಾರಿಯಲ್ಲಿ ಕೆರೆಯ ಹಾಗೆ ಇಳಿಜಾರು ಇರುವುದಿಲ್ಲ, ಒಂದೇ ಹೆಜ್ಜೆಗೆ ಆಳ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದದ್ದನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಕೂಗಿ ಜನ ಸೇರಿಸಿ. ದಡದಲ್ಲಿ ಮಲಗಿ ಸೀರೆ ಎಸೆಯಿರಿ. ನಮ್ಮ ಒಂದು ಸೀರೆ ಐದೂವರೆ ಮೀಟರ್ ಹಗ್ಗ ಇದ್ದ ಹಾಗೆ. ಮುಚ್ಚಳ ಹಾಕಿದ ಖಾಲಿ ಕ್ಯಾನು ಎಸೆದರೂ ಅದು ತೇಲುತ್ತದೆ, ಹಿಡಿದುಕೊಳ್ಳಬಹುದು. ಮೇಲೆ ತಂದವರನ್ನು ತಲೆಕೆಳಗೆ ಮಾಡಿ ಹೊಟ್ಟೆ ಅಮುಕಬೇಡಿ. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು. ಇದನ್ನು ಕಲಿಸಲು ಒಬ್ಬ ನರ್ಸನ್ನು ಮುಂದಿನ ಸಭೆಗೆ ಕರೆಸೋಣ.

ಎರಡನೆಯದು ಕರೆಂಟು. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಹತ್ತಿರ ಹೋಪ್ ಫಾರ್ಮ್ ಬಳಿ ಫುಟ್‌ಪಾತಿನಲ್ಲಿ ಬಿದ್ದಿದ್ದ ವೈರು ತುಳಿದು ಒಬ್ಬ ತಾಯಿ, ಆಕೆಯ ಎಳೆಕೂಸು ಸತ್ತುಹೋದರು. ಬಿದ್ದ ವೈರಿನ ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ. ಬೆಸ್ಕಾಂ ನಂಬರ್ 1912 ಮಕ್ಕಳಿಗೂ ಬಾಯಿಪಾಠ ಆಗಿರಲಿ.

ಮೂರನೆಯದು ಹಾವು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಬನ್ನೇರುಘಟ್ಟ ಹತ್ತಿರ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡು ಆನೆಗಳ ಮನೆ. ಕಾಡಂಚಿನಲ್ಲಿ ಕತ್ತಲಲ್ಲಿ ಒಬ್ಬೊಬ್ಬರೇ ಓಡಾಡಬೇಡಿ. ಪಿಕ್ನಿಕ್ ಹೋದರೆ ತಿಂದ ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರಬೇಡಿ.

ಅಕ್ಕತಂಗಿಯರೇ, ಆ ತಾಯಿ ಈಗಲೂ ಪ್ರತಿ ಸಭೆಗೆ ಬರ್ತಾಳೆ, ಉಳಿತಾಯ ಕಟ್ತಾಳೆ. ಕ್ವಾರಿಗೆ ಬೇಲಿ ಹಾಕಿ ಅಂತ ಬರೆದ ಅರ್ಜಿಯಲ್ಲಿ ಮೊದಲ ಸಹಿ ಅವಳದ್ದೇ. ಎರಡನೇ ಸಹಿ ನನ್ನದು. ಉಳಿದ ಜಾಗ ಖಾಲಿ ಇದೆ, ಅರ್ಜಿ ಮೇಜಿನ ಮೇಲಿದೆ. ಹೋಗುವಾಗ ದಯವಿಟ್ಟು ಸಹಿ ಮಾಡಿ ಹೋಗಿ.